ಸವೆದಿರುವುದು ಕ್ಯಾಸೆಟ್ಟೋ, ಕಿವಿಯೋ?

ಅಟ್ಟದ ಮೇಲಿದ್ದ ಹಳೆಯ ಗ್ರಾಮಾಫೋನ್ ತಟ್ಟೆ, ಕ್ಯಾಸೆಟ್ಟುಗಳನ್ನು ಕೆಳಗಿಳಿಸಿ, ಧೂಳು ಒರೆಸಿ, ದಿನಕ್ಕೊಂದರಂತೆ ಕೇಳುವ ಹವ್ಯಾಸ ನಿಮಗಿದೆಯೇ? ಗಂಡ ಹೆಂಡತಿ ಜೊತೆಯಾಗಿ ಕೇಳಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಪುಸ್ತಕದಲ್ಲಿ ಬರೆದಿಟ್ಟರೆ ಅದೊಂದು ಸೊಗಸಾದ ಆಟ. ಆದರೆ ಈ ಆಟ ಕೆಲವೊಮ್ಮೆ ಅನಿರೀಕ್ಷಿತವಾದ ಸಂಗತಿಯೊಂದನ್ನು ಹೊರಗೆಡಹುತ್ತದೆ.

ಅರವತ್ತು ದಾಟಿದ ದಂಪತಿಯೊಂದನ್ನು ಊಹಿಸಿಕೊಳ್ಳಿ. ಸಂಜೆ 1967ರ ‘ಕಾಲ್ ಆಫ್ ದಿ ವ್ಯಾಲಿ’ ಹಾಕಿದ್ದಾರೆ. ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾರ ಗಿಟಾರ್. ಆಕೆಯ ಅಂಕ 9, ಆತನದು 6. “ಸಂತೂರಿನಲ್ಲಿ ಮೊದಲಿನ ಝೇಂಕಾರವಿಲ್ಲ” ಎಂಬುದು ಆತನ ದೂರು. ಮರುದಿನ ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ, 1978ರ ‘ನಿತ್ಯೋತ್ಸವ’. “ರಾಗ ಚೆನ್ನಾಗಿದೆ ಕಣೇ, ಮಾತೇ ಸ್ಪಷ್ಟವಿಲ್ಲ. ಕ್ಯಾಸೆಟ್ಟು ಸವೆದಿರಬೇಕು” ಎನ್ನುತ್ತಾರೆ ಆತ. “ನನಗೆ ಒಂದೊಂದಕ್ಷರವೂ ಕೇಳಿಸ್ತಿದೆಯಲ್ರೀ!” ಎನ್ನುತ್ತಾರೆ ಆಕೆ.

ಹಳೆಯ ಕ್ಯಾಸೆಟ್ಟು ಮಂಕಾಗುವುದು ನಿಜ. ಆದರೆ ಆಗ ಇಬ್ಬರಿಗೂ ಮಂಕಾಗಿಯೇ ಕೇಳಿಸಬೇಕಲ್ಲವೇ? ಒಬ್ಬರಿಗೆ ಮಾತ್ರ ಹಾಗಾದರೆ ಸವೆದಿರುವುದು ಕಿವಿ ಇರಬಹುದು.

ಏಕೆ ಹೀಗೆ?

ನಮ್ಮ ಒಳಕಿವಿಯಲ್ಲಿ ಶಂಖದಂತೆ ಸುರುಳಿಯಾದ ಅಂಗವೊಂದಿದೆ. ಅದರಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಶಬ್ದದ ಕಂಪನವನ್ನು ನರದ ಸಂಕೇತವಾಗಿಸುವುದು ಇವುಗಳ ಕೆಲಸ. ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ವಯಸ್ಸು, ಬಹುಕಾಲದ ಗದ್ದಲ, ಸಕ್ಕರೆ ಕಾಯಿಲೆ, ಧೂಮಪಾನ, ಕೆಲವು ಔಷಧಗಳು ಇವುಗಳಿಗೆ ಹಾನಿ ಮಾಡಬಲ್ಲವು. ಸಾಮಾನ್ಯವಾಗಿ ಮೊದಲು ಸವೆಯುವುದು ತಾರಧ್ವನಿಗಳನ್ನು ಗ್ರಹಿಸುವ ಕೋಶಗಳು. ಆದ್ದರಿಂದಲೇ ಮೃದಂಗ ಚೆನ್ನಾಗಿ ಕೇಳುತ್ತದೆ, ಸಂತೂರಿನ ಹೊಳಪು ಮಾಯವಾಗುತ್ತದೆ.

ಮಾತಿನ ಕಥೆಯೂ ಇದೇ. ಅ, ಆ, ಓ ಮುಂತಾದ ಸ್ವರಗಳು ಗಟ್ಟಿ, ಹೆಚ್ಚಾಗಿ ತಗ್ಗಿನ ಧ್ವನಿಗಳು. ಸ, ಶ, ಫ ಮುಂತಾದ ವ್ಯಂಜನಗಳು ಮೆಲು, ತಾರಧ್ವನಿಗಳು. ಸ್ವರ ಕೇಳಿ ವ್ಯಂಜನ ತಪ್ಪಿದರೆ “ಕೇಳಿಸುತ್ತದೆ, ಅರ್ಥವಾಗುವುದಿಲ್ಲ” ಎಂಬ ಸ್ಥಿತಿ. ‘ಕಾಫಿ’ ಎಂದರೆ ‘ಕಾಯಿ’ ಎಂದಂತಾಗುತ್ತದೆ. “ನಾನು ಹೇಳಿದ್ದು ಇವರ ಕಿವಿಗೇ ಬೀಳುವುದಿಲ್ಲ” ಎಂದು ಪತ್ನಿಗೆ ಬೇಸರ. “ಇವಳು ಈಚೆಗೆ ಗೊಣಗುತ್ತಾಳೆ” ಎಂದು ಪತಿಗೆ ಸಿಟ್ಟು. ಕ್ರಮೇಣ ಮಾತು ಕಡಿಮೆಯಾಗುತ್ತದೆ. ಮದುವೆ ಮುಂಜಿಗಳಿಗೆ ಹೋಗುವುದೂ ಬೇಡವೆನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ಮೀರಿದವರಲ್ಲಿ ಶೇಕಡಾ 25ಕ್ಕೂ ಹೆಚ್ಚು ಮಂದಿಗೆ ತೊಂದರೆ ಕೊಡುವಷ್ಟು ಶ್ರವಣದೋಷವಿರುತ್ತದೆ. ಚಿಕಿತ್ಸೆಯಿಲ್ಲದ ಕಿವುಡಿಗೂ ಮುಪ್ಪಿನ ಮರೆವಿನ ರೋಗಕ್ಕೂ ನಂಟಿರುವುದನ್ನು ತಜ್ಞರು ಗುರುತಿಸಿದ್ದಾರೆ.

ಧ್ವನಿ ಹೆಚ್ಚಿಸಿದರೆ ಸಾಲದೇ?

ಸಾಲದು. ಗುಂಡಿ ತಿರುಗಿಸಿದಾಗ ಈಗಾಗಲೇ ಕೇಳುತ್ತಿರುವ ಧ್ವನಿಗಳೂ ಏರುತ್ತವೆ. ಪಕ್ಕದಲ್ಲಿರುವವರಿಗೆ ಹಿಂಸೆ, ಒಳಕಿವಿ ಸವೆದವರಿಗೂ ಒಂದು ಮಟ್ಟ ಮೀರಿದರೆ ಶಬ್ದ ಕರ್ಕಶವೆನಿಸುತ್ತದೆ. 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದಾದರೆ, 90 ಡೆಸಿಬಲ್ ಮಟ್ಟದಲ್ಲಿ 4 ಗಂಟೆಯಷ್ಟೇ ಸುರಕ್ಷಿತ.

ಆಟ ಹೀಗಿರಲಿ

1. ದಿನಕ್ಕೆ ತಟ್ಟೆಯ ಒಂದೇ ಮಗ್ಗುಲು, ಅಂದರೆ ಸುಮಾರು 20 ನಿಮಿಷ, ಸಾಕು. ಟಿ.ವಿ., ಮಿಕ್ಸಿ ಸದ್ದು ಬೇಡ.

2. ಧ್ವನಿಯ ಮಟ್ಟವನ್ನು ಮೊದಲೇ ನಿಗದಿ ಮಾಡಿ, ನಡುವೆ ಬದಲಿಸಬೇಡಿ.

3. ರಾಗ, ಗಾಯನ, ವಾದ್ಯ, ಮಾತಿನ ಸ್ಪಷ್ಟತೆ—ಪ್ರತಿಯೊಂದಕ್ಕೂ ಬೇರೆ ಅಂಕವಿರಲಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕೊನೆಯವರೆಗೂ ನೋಡಬಾರದು.

4. ಮರುದಿನ ಕುರ್ಚಿ ಬದಲಿಸಿಕೊಂಡು ಅದನ್ನೇ ಮತ್ತೆ ಕೇಳಿ.

ರಾಗಕ್ಕೆ ಒಬ್ಬರು 9, ಇನ್ನೊಬ್ಬರು 4 ಕೊಟ್ಟರೆ ಅದು ರುಚಿಭೇದ. ಅದಕ್ಕೆ ಔಷಧವೂ ಇಲ್ಲ, ಬೇಕಾಗಿಯೂ ಇಲ್ಲ. ಹಲವು ವಾರ, ಹಲವು ಹಾಡುಗಳಲ್ಲಿ, ಸ್ಪಷ್ಟತೆಗೆ ಮಾತ್ರ ಒಬ್ಬರೇ ಕಡಿಮೆ ಅಂಕ ಕೊಡುತ್ತಿದ್ದರೆ ಕಿವಿಯನ್ನು ತೋರಿಸಬೇಕು. ನೆನಪಿಡಿ, ಈ ಆಟ ಸುಳಿವು ಮಾತ್ರ, ಪರೀಕ್ಷೆಗೆ ಬದಲಿಯಲ್ಲ.

ವೈದ್ಯರಲ್ಲಿಗೆ

ಕಿವಿ, ಮೂಗು, ಗಂಟಲು ತಜ್ಞರು ಮೊದಲು ಗುಗ್ಗೆ ಕಟ್ಟಿದೆಯೇ, ತಮಟೆಯಲ್ಲಿ ತೂತಿದೆಯೇ ಎಂದು ನೋಡುತ್ತಾರೆ. ಕೆಲವೊಮ್ಮೆ ಗುಗ್ಗೆ ತೆಗೆದರೆ ಸಾಕು, ಸಂತೂರ್ ಮರಳಿ ಬರುತ್ತದೆ! ನೀವೇ ಹೇರ್‌ಪಿನ್ ಹಾಕುವುದು, ಬಿಸಿ ಎಣ್ಣೆ ಬಿಡುವುದು ಅಪಾಯ. ನಂತರ ಆಡಿಯೋಮೆಟ್ರಿ: ಸಾಮಾನ್ಯವಾಗಿ 250ರಿಂದ 8000 ಹರ್ಟ್ಸ್‌ವರೆಗಿನ ಧ್ವನಿ ಕೇಳಿಸಿ ನಕ್ಷೆ ಬರೆಯುವ ನೋವಿಲ್ಲದ ಪರೀಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಮಾತ್ರ ಕಾಯಬೇಡಿ, ಅದೇ ದಿನ ವೈದ್ಯರನ್ನು ಕಾಣಿ.

ಶ್ರವಣಸಾಧನ ಹಾಕಿಕೊಳ್ಳಲು ಸಂಕೋಚವೇಕೆ? ಕನ್ನಡಕಕ್ಕೆ ಇಲ್ಲದ ನಾಚಿಕೆ ಇದಕ್ಕೂ ಬೇಡ. ಇಂದಿನ ಸಾಧನಗಳು ನಿಮಗೆ ಕೊರತೆಯಿರುವ ಧ್ವನಿಗಳನ್ನಷ್ಟೇ ಎತ್ತರಿಸಬಲ್ಲವು. ಹಲವದರಲ್ಲಿ ಸಂಗೀತಕ್ಕೆಂದೇ ಪ್ರತ್ಯೇಕ ಹೊಂದಾಣಿಕೆಯಿದೆ. ಕೆಲವು ವಾರ ಅಭ್ಯಾಸ ಬೇಕು, ಅಷ್ಟೇ.

ಆಮೇಲೆ ಅದೇ ಕ್ಯಾಸೆಟ್ಟನ್ನು ಮತ್ತೆ ಹಾಕಿ, ಹೊಸದಾಗಿ ಅಂಕ ಕೊಡಿ. ಹಾಡಿನ ಅಂಕ ಎಷ್ಟೇ ಇರಲಿ, ಪಕ್ಕದಲ್ಲಿ ಕುಳಿತವರ ಮಾತು ಪೂರ್ತಿಯಾಗಿ ಕೇಳಿಸಿದರೆ ಅದೇ ದೊಡ್ಡ ಲಾಭ.