ಕದ್ದವರು ಮಾಡಿಸಿದ ಬೀಗ

1966ರ ಒಂದು ಶುಕ್ರವಾರ ಸಂಜೆ ಅಮೆರಿಕದ ಎಂಐಟಿಯಲ್ಲಿ ಕಂಪ್ಯೂಟರ್‌ಗೆ ಲಾಗಿನ್ ಆದವರ ಮುಂದೆ ಎಂದಿನ ಪ್ರಕಟಣೆ ಅಚ್ಚಾಗಲಿಲ್ಲ. ಬದಲಿಗೆ ಬಂದದ್ದು ಬಳಕೆದಾರರೆಲ್ಲರ ಪಾಸ್‌ವರ್ಡ್‌ಗಳ ಪಟ್ಟಿ! ಒಬ್ಬ ಸಿಬ್ಬಂದಿ ಪ್ರಕಟಣೆ ತಿದ್ದುತ್ತಿದ್ದಾಗಲೇ ಇನ್ನೊಬ್ಬರು ಪಾಸ್‌ವರ್ಡ್ ಕಡತ ತೆರೆದಿದ್ದರು. ಎಡಿಟರ್ ತಂತ್ರಾಂಶ ತನ್ನ ತಾತ್ಕಾಲಿಕ ಕಡತಕ್ಕೆ ಯಾವಾಗಲೂ ಒಂದೇ ಹೆಸರಿಡುತ್ತಿತ್ತು. ಹಾಗಾಗಿ ಎರಡೂ ಅದಲುಬದಲಾದವು. ಕೊನೆಗೆ ಬಳಕೆದಾರನೊಬ್ಬ ಬೇಕೆಂದೇ ಇಡೀ ವ್ಯವಸ್ಥೆಯನ್ನು ಕೆಡವಿ ಸೋರಿಕೆ ನಿಲ್ಲಿಸಬೇಕಾಯಿತು.

ಆ ವ್ಯವಸ್ಥೆಯ ಹೆಸರು ಸಿಟಿಎಸ್‌ಎಸ್. ಫರ್ನಾಂಡೊ ಕಾರ್ಬಟೊ ತಂಡ ಅದನ್ನು ಮೊದಲು ತೋರಿಸಿದ್ದು 1961ರ ನವೆಂಬರ್‌ನಲ್ಲಿ. ಹಲವರು ಒಂದೇ ಯಂತ್ರವನ್ನು ಏಕಕಾಲಕ್ಕೆ ಬಳಸುವುದು ಅದರ ಹೆಚ್ಚುಗಾರಿಕೆ. ಇಂದು ವಿಡಿಯೊ ಸಭೆಗೆ ನೂರು ಜನ ಸೇರುವ ಏರ್ಪಾಡಿನ ಬೇರು ಅಲ್ಲಿದೆ. ಒಬ್ಬೊಬ್ಬರಿಗೂ ಅವರದೇ ಕಡತ, ಅವರ ಪಾಲಿಗೆ ಬಂದ ಯಂತ್ರದ ಸಮಯ. ಯಾವ ಪಾಲು ಯಾರದೆಂದು ತಿಳಿಯಲು ಖಾತೆ ಬೇಕಾಯಿತು, ಖಾತೆಗೆ ಪಾಸ್‌ವರ್ಡ್ ಬೇಕಾಯಿತು. ದೇಶದ ಗುಟ್ಟು ಕಾಯುವ ಉದ್ದೇಶವೇನೂ ಅದರ ಹಿಂದಿರಲಿಲ್ಲ.

ಹಾಗಾಗಿ ಕದಿಯುವವರ ಆಸೆಯೂ ಅಷ್ಟೇ ಸಾದಾ. 1962ರಲ್ಲಿ ಅಲನ್ ಶೆರ್ ಎಂಬ ಪಿಎಚ್‌ಡಿ ವಿದ್ಯಾರ್ಥಿಗೆ ತನ್ನ ಪಾಲಿನ ಸಮಯ ಸಾಲುತ್ತಿರಲಿಲ್ಲ. ಪಂಚ್ ಕಾರ್ಡ್ ಮೂಲಕ ಕಡತ ಮುದ್ರಿಸಿಕೊಳ್ಳುವ ಸೌಲಭ್ಯವಿತ್ತು. ಆತ ಪಾಸ್‌ವರ್ಡ್ ಕಡತದ ಹೆಸರನ್ನೇ ಕಾರ್ಡಿನಲ್ಲಿ ಕೊಟ್ಟು, ಮುದ್ರಿತ ಪ್ರತಿಯನ್ನು ನಿರುಮ್ಮಳವಾಗಿ ಎತ್ತಿಕೊಂಡು ಬಂದ. ಅದನ್ನು ಒಪ್ಪಿಕೊಂಡದ್ದು ಸುಮಾರು ಕಾಲು ಶತಮಾನದ ನಂತರ!

ತಪ್ಪು ಕಡತ ಸೋರಿದ್ದರಲ್ಲಿ ಇರಲಿಲ್ಲ; ಪಾಸ್‌ವರ್ಡ್‌ಗಳನ್ನು ಇದ್ದ ಹಾಗೇ ಬರೆದಿಟ್ಟಿದ್ದರಲ್ಲಿತ್ತು. ಇದನ್ನು ಬಗೆಹರಿಸುವ ದಾರಿ ತೋರಿಸಿದ್ದು ಕೇಂಬ್ರಿಜ್‌ನ ರೋಜರ್ ನೀಡಮ್. ಪಾಸ್‌ವರ್ಡನ್ನು ಗಣಿತದ ಸೂತ್ರವೊಂದಕ್ಕೆ ಹಾಕಿ ಬಂದ ಫಲವನ್ನಷ್ಟೇ ಉಳಿಸಿಕೊಳ್ಳುವುದು ಅವರ ಉಪಾಯ. ಹಿಟ್ಟು ರುಬ್ಬಿದ ಮೇಲೆ ಅಕ್ಕಿಕಾಳು ವಾಪಸ್ ಸಿಗುವುದಿಲ್ಲವಲ್ಲ, ಹಾಗೆ. ಲಾಗಿನ್ ಆಗುವಾಗ ನೀವು ಕೊಟ್ಟದ್ದನ್ನು ಮತ್ತೆ ರುಬ್ಬಿ ಹೋಲಿಸಿದರೆ ಸಾಕು. ಹೀಗಾಗಿ ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಅಡ್ಮಿನ್‌ಗೂ ನಿಮ್ಮ ಪಾಸ್‌ವರ್ಡ್ ಕಾಣುವುದಿಲ್ಲ, ಹೊಸದನ್ನು ಹಾಕಿಕೊಡಬಹುದು ಅಷ್ಟೇ. ಮರೆತ ಪಾಸ್‌ವರ್ಡನ್ನು ಅಕ್ಷರ ಬಿಡದೆ ಇಮೇಲ್ ಮಾಡುವ ಕಂಪನಿ ಸಿಕ್ಕರೆ, ಅಲ್ಲಿಂದ ಖಾತೆ ಮುಚ್ಚಿ ಹೊರಡುವುದೇ ಒಳ್ಳೆಯದು.

ಯುನಿಕ್ಸ್ ಕಟ್ಟಿದ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಇಷ್ಟಕ್ಕೇ ತೃಪ್ತರಾಗಲಿಲ್ಲ. ಜನ ಬಳಸುತ್ತಿದ್ದ 3,289 ಪಾಸ್‌ವರ್ಡ್‌ಗಳನ್ನು ಕೂಡಿಸಿ ನೋಡಿದರು. ಕೆಲವು ಒಂದೇ ಅಕ್ಷರದವು, ಎಷ್ಟೋ ನಿಘಂಟಿನ ಪದಗಳು. ಶೇ 86ರಷ್ಟು ಸುಲಭವಾಗಿ ಊಹಿಸಬಹುದಾದವು. 1979ರ ಅವರ ಪ್ರಬಂಧ ಎರಡು ಉಪಾಯ ವಿವರಿಸಿತು. ಒಂದು, ರುಬ್ಬುವ ಕೆಲಸವನ್ನು ಬೇಕೆಂದೇ ನಿಧಾನಗೊಳಿಸುವುದು. ಇನ್ನೊಂದು, ಪ್ರತಿ ಪಾಸ್‌ವರ್ಡ್‌ಗೂ 12 ಬಿಟ್‌ನ ಯಾದೃಚ್ಛಿಕ ಸಂಖ್ಯೆ ಬೆರೆಸುವುದು. ಅದಕ್ಕೆ ‘ಸಾಲ್ಟ್’ ಎಂದೇ ಹೆಸರು. ಉಪ್ಪು ಬಿದ್ದ ಮೇಲೆ ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಕಡತದಲ್ಲಿ ಬೇರೆಯಾಗಿ ಕಾಣುತ್ತದೆ. ಒಂದೇ ಪಟ್ಟಿ ಸಿದ್ಧಮಾಡಿಕೊಂಡು ಎಲ್ಲರ ಮೇಲೂ ಪ್ರಯೋಗಿಸುವಂತಿಲ್ಲ. (ಇದೇ ಮಾರಿಸ್‌ರ ಮಗ 1988ರಲ್ಲಿ ಇಂಟರ್‌ನೆಟ್‌ಗೆ ಬಿಟ್ಟ ‘ವರ್ಮ್’ ಸುಲಭ ಪಾಸ್‌ವರ್ಡ್‌ಗಳನ್ನು ಊಹಿಸಿಯೂ ಹರಡಿತು. ಅಪ್ಪನ ಪ್ರಬಂಧಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕೆ?) ಥಾಂಪ್ಸನ್‌ರ ಹಳೆಯ ಪಾಸ್‌ವರ್ಡ್ ಬಿಡಿಸಲು ಆಸಕ್ತರಿಗೆ 2019ರ ತನಕ ಆಗಿರಲಿಲ್ಲ. ಬಿಡಿಸಿದಾಗ ಸಿಕ್ಕಿದ್ದು ಚದುರಂಗದ ಆರಂಭದ ಒಂದು ನಡೆ.

2020ರ ಲಾಕ್‌ಡೌನ್ ಮನೆಮನೆಗೂ ವಿಡಿಯೊ ಸಭೆಯ ಜೂಮ್ ತಂದಿತು. ಸಭೆಯ ಗುರುತು ಬರೀ ಅಂಕಿಗಳು. ಊಹಿಸಿಯೋ ಎಲ್ಲೋ ಹಂಚಿದ ಲಿಂಕ್ ಹಿಡಿದೋ ಪಾಠದ ನಡುವೆ ಅಪರಿಚಿತರು ನುಗ್ಗಿದರು. ಏಪ್ರಿಲ್ 5ರಿಂದ ಕಂಪನಿ ಪಾಸ್‌ವರ್ಡ್ ಮತ್ತು ‘ವೇಟಿಂಗ್ ರೂಮ್’ ಎರಡನ್ನೂ ತಾನಾಗಿಯೇ ಅನ್ವಯವಾಗುವಂತೆ ಮಾಡಿತು. ಏಪ್ರಿಲ್ 16ರಂದು ನಮ್ಮ ಗೃಹ ಸಚಿವಾಲಯವೂ ಸಲಹೆ ಹೊರಡಿಸಿತು: ಪ್ರತಿ ಸಭೆಗೂ ಹೊಸ ಗುರುತು, ಹೊಸ ಪಾಸ್‌ವರ್ಡ್, ಎಲ್ಲರೂ ಬಂದ ಮೇಲೆ ಸಭೆಗೆ ಬೀಗ.

ಅದೇ ತಿಂಗಳು ಐದು ಲಕ್ಷಕ್ಕೂ ಹೆಚ್ಚು ಜೂಮ್ ಖಾತೆಗಳ ವಿವರ ಕಳ್ಳಪೇಟೆಯಲ್ಲಿ ಮಾರಾಟಕ್ಕೆ ಬಂತು. ಅದಕ್ಕಾಗಿ ಯಾರೂ ಜೂಮ್‌ನ ಕಡತ ಕದ್ದಿರಲಿಲ್ಲ. ಬೇರೆಲ್ಲೋ ಹಿಂದೆ ಸೋರಿದ್ದ ಪಾಸ್‌ವರ್ಡ್‌ಗಳನ್ನು ಇಲ್ಲಿ ಒಂದೊಂದಾಗಿ ಹಾಕಿ ನೋಡಿದ್ದರು, ಅಷ್ಟೇ. ಎರಡೂ ಕಡೆ ಅದನ್ನೇ ಇಟ್ಟುಕೊಂಡವರ ಖಾತೆ ತೆರೆದುಕೊಂಡಿತ್ತು. ಈ ಕಳವಿಗೆ ಯಾವ ಉಪ್ಪೂ ಅಡ್ಡಬರುವುದಿಲ್ಲ.