ಗುಂಟೆಯ ಲೆಕ್ಕ, ಗಣಕದ ಕಟ್ಟಳೆ

ಎರಡು ಎಕರೆ ಇಪ್ಪತ್ತು ಗುಂಟೆ ಜಮೀನಿಗೆ ಒಂದು ಎಕರೆ ಮೂವತ್ತು ಗುಂಟೆಯನ್ನು ಸೇರಿಸಿದರೆ ಒಟ್ಟು ಎಷ್ಟಾಗುವುದು? ನಾಗಮಂಗಲದ ರೈತನೊಬ್ಬನನ್ನು ಕೇಳಿದರೆ, ನಾಲ್ಕು ಎಕರೆ ಹತ್ತು ಗುಂಟೆಯೆಂದು ಥಟ್ಟನೆ ಹೇಳಿಯಾನು. ನಲವತ್ತು ಗುಂಟೆಗೆ ಒಂದು ಎಕರೆಯೆಂಬುದು ಅವನಿಗೆ ಬಾಯಿಪಾಠ. ಇದೇ ಅಳತೆಗಳನ್ನು 2.20 ಮತ್ತು 1.30 ಎಂದು ಬರೆದು, ಇವು ದಶಮಾಂಶ ಸಂಖ್ಯೆಗಳೆಂದು ಹೇಳಿ ಗಣಕಯಂತ್ರಕ್ಕೆ ಒಪ್ಪಿಸಿದರೆ ಅದು ಕೊಡುವ ಉತ್ತರ 3.50. ಮೂರೂವರೆ ಎಕರೆಯೆಂದರೆ ಮೂರು ಎಕರೆ ಇಪ್ಪತ್ತು ಗುಂಟೆಯಷ್ಟೆ. ಯಂತ್ರ ಕೂಡುವುದರಲ್ಲಿ ತಪ್ಪಲಿಲ್ಲ. ಆದರೂ ಮೂವತ್ತು ಗುಂಟೆ ಭೂಮಿ ಕಾಗದದಿಂದ ಮಾಯವಾಯಿತು. ಕಾಲುವೆಯ ನೀರು ಹರಿಯುವ ಸೀಮೆಯಲ್ಲಿ ಮೂವತ್ತು ಗುಂಟೆ ಗದ್ದೆ ಒಂದು ಬಡ ಸಂಸಾರದ ಅನ್ನಕ್ಕೆ ಆಧಾರ.

ಇದು ಕೇವಲ ಕಲ್ಪನೆಯ ಭಯವಲ್ಲ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಪಾಂಡವಪುರ ಕಂದಾಯ ಉಪವಿಭಾಗವಾಗಿದೆ. ಒಂದು ಕಾಲದಲ್ಲಿ ಇಲ್ಲಿಯ ಪಹಣಿಗಳನ್ನು ಶಾನುಭೋಗರೂ ಅವರ ತರುವಾಯ ಗ್ರಾಮಲೆಕ್ಕಿಗರೂ ಕೈಯಿಂದಲೇ ಬರೆದಿಡುತ್ತಿದ್ದರು. ‘ಭೂಮಿ’ ಯೋಜನೆಯ ಮೂಲಕ 2001ರ ವೇಳೆಗೆ ಕರ್ನಾಟಕದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಏರಿದವು. ಅಂದಿನಿಂದ ರೈತನ ನೆಲದ ಲೆಕ್ಕವನ್ನು ಯಂತ್ರವು ಕಾಯಬೇಕಾಗಿ ಬಂದಿದೆ. ಕಾಯುವ ಯಂತ್ರಕ್ಕೆ ಕಟ್ಟಳೆಗಳನ್ನು ಕಲಿಸುವುದು ಹೇಗೆ? ಪಹಣಿಯನ್ನೇ ನಿದರ್ಶನವಾಗಿಟ್ಟುಕೊಂಡು ಇದನ್ನು ವಿಚಾರಿಸೋಣ. ಇಲ್ಲಿ ವರ್ಣಿಸುವ ರಚನೆಯನ್ನು ವಿಷಯವು ತಿಳಿಯಲೆಂದು ಕಲ್ಪಿಸಿಕೊಂಡಿದೆಯೇ ಹೊರತು ಇದು ‘ಭೂಮಿ’ಯ ತಂತ್ರಾಂಶದ ವರ್ಣನೆಯಲ್ಲ.

ಸಂಖ್ಯೆಗೂ ಒಂದು ಬಗೆಯುಂಟು

ಪಹಣಿಯಲ್ಲಿ ಸರ್ವೆ ನಂಬರು 42 ಎಂದಿರುತ್ತದೆ. ವಿಸ್ತೀರ್ಣದಲ್ಲಿಯೂ ಅಂಕಿಗಳೇ ಇರುತ್ತವೆ. ನೋಟಕ್ಕೆ ಎರಡೂ ಒಂದೇ. ಆದರೆ ಎರಡು ವಿಸ್ತೀರ್ಣಗಳನ್ನು ಕೂಡಬಹುದು. ಸರ್ವೆ ನಂಬರು 42ಕ್ಕೆ 43ನ್ನು ಕೂಡಿ 85 ಎಂದರೆ ಅದಕ್ಕೆ ಅರ್ಥವಿಲ್ಲ. ಸರ್ವೆ ನಂಬರು ಅಂಕಿಯ ವೇಷ ತೊಟ್ಟ ಹೆಸರು. ಒಂದು ಮಾಹಿತಿಯು ಯಾವ ಬೆಲೆಗಳನ್ನು ತಳೆಯಬಹುದು, ಅದರೊಡನೆ ಯಾವ ಕ್ರಿಯೆಗಳನ್ನು ನಡೆಸಬಹುದು ಎಂಬೆರಡನ್ನು ಗೊತ್ತುಪಡಿಸುವ ಲಕ್ಷಣವನ್ನು ತಂತ್ರಜ್ಞರು ‘ಟೈಪ್’ ಎನ್ನುತ್ತಾರೆ. ನಾವು ‘ಬಗೆ’ ಎನ್ನೋಣ.

ಬಗೆಯನ್ನು ಲಕ್ಷಿಸದೆ ಬರಿಯ ಸಂಖ್ಯೆಯನ್ನು ಕೈಯಿಂದ ಕೈಗೆ ದಾಟಿಸಿದರೆ ಏನಾಗುವುದೆಂಬುದಕ್ಕೆ ಜಗತ್ಪ್ರಸಿದ್ಧವಾದ ನಿದರ್ಶನವೊಂದಿದೆ. ಅಮೆರಿಕದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆಯು 1999ರ ಸೆಪ್ಟೆಂಬರ್ 23ರಂದು ಮಂಗಳಗ್ರಹದ ಬಳಿ ನಾಶವಾಯಿತು. ನೆಲದ ಮೇಲಿನ ಒಂದು ಪ್ರೋಗ್ರಾಂ ತಳ್ಳುಬಲದ ಲೆಕ್ಕವನ್ನು ಪೌಂಡ್ ಮಾನದಲ್ಲಿ ಕೊಟ್ಟಿತ್ತು. ಅದನ್ನು ಬಳಸಿದವರು ನ್ಯೂಟನ್ ಮಾನವೆಂದು ತಿಳಿದರು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ಸಂಖ್ಯೆ ಸರಿಯಾಗಿತ್ತು, ಅದು ಯಾವುದರ ಸಂಖ್ಯೆಯೆಂಬುದು ಅದರ ಜೊತೆಯಲ್ಲಿ ಹೋಗಲಿಲ್ಲ.

ವರ್ಗ ಮತ್ತು ವಸ್ತು

ಮಾಹಿತಿಯನ್ನೂ ಅದಕ್ಕೆ ಸಲ್ಲುವ ಕ್ರಿಯೆಗಳನ್ನೂ ಒಂದೇ ಕಟ್ಟಿನಲ್ಲಿಡುವ ಉಪಾಯವನ್ನು ನಾರ್ವೆಯ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಎಂಬವರು ‘ಸಿಮುಲಾ 67’ ಎಂಬ ಭಾಷೆಯಲ್ಲಿ ಕಂಡುಹಿಡಿದರು. ಇಂಥ ಕಟ್ಟಿನ ನಕ್ಷೆಯೇ ‘ಕ್ಲಾಸ್’, ಅಂದರೆ ವರ್ಗ. ನಕ್ಷೆಯಂತೆ ತಯಾರಾದ ಒಂದೊಂದು ಘಟಕವೂ ‘ಆಬ್ಜೆಕ್ಟ್’, ಅಂದರೆ ವಸ್ತು.

ನಾವೀಗ ‘ವಿಸ್ತೀರ್ಣ’ ಎಂಬ ವರ್ಗವನ್ನು ರಚಿಸೋಣ. ಅದರೊಳಗೆ ಎಕರೆ, ಗುಂಟೆ, ಆಣೆ ಎಂಬ ಮೂರು ಪೂರ್ಣಾಂಕಗಳಿರಲಿ. ಹದಿನಾರು ಆಣೆಗೆ ಒಂದು ಗುಂಟೆ. ಆದುದರಿಂದ ಗುಂಟೆ 0ಯಿಂದ 39ರೊಳಗೆ, ಆಣೆ 0ಯಿಂದ 15ರೊಳಗೆ ಇರಬೇಕು, ಯಾವುದೂ ಋಣಸಂಖ್ಯೆಯಾಗಕೂಡದು. ಇಲ್ಲಿ ಎರಡು ಬಗೆಯ ಕಾವಲುಗಳನ್ನು ಗಮನಿಸಬೇಕು. ಗುಂಟೆಯ ಜಾಗದಲ್ಲಿ ರೈತನ ಹೆಸರನ್ನು ಇಡಕೂಡದೆಂಬುದು ಬಗೆಯ ಕಟ್ಟಳೆ. ಜಾವಾದಂಥ ಭಾಷೆಗಳಲ್ಲಿ ಇದನ್ನು ಪ್ರೋಗ್ರಾಂ ಓಡುವುದಕ್ಕೆ ಮೊದಲೇ ಕಂಪೈಲರ್ ಪರೀಕ್ಷಿಸುತ್ತದೆ. ಗುಂಟೆಯ ಜಾಗದಲ್ಲಿ 45 ಬರಕೂಡದೆಂಬುದು ಬೆಲೆಯ ಪರೀಕ್ಷೆ. 45 ಎಂಬುದೂ ಪೂರ್ಣಾಂಕವೇ ಆದುದರಿಂದ ಕಂಪೈಲರ್ ಅದನ್ನು ತಡೆಯಲಾರದು. ಪ್ರೋಗ್ರಾಂ ಓಡುವಾಗ ವರ್ಗವೇ ತಡೆಯಬೇಕು.

ತಡೆಯುವ ಸ್ಥಳವೆಲ್ಲಿ? ವಸ್ತುವಿನ ಹುಟ್ಟಿನಲ್ಲಿ. ಪ್ರತಿಯೊಂದು ವಸ್ತುವನ್ನೂ ನಿರ್ಮಿಸುವ ‘ಕನ್‌ಸ್ಟ್ರಕ್ಟರ್’ ಎಂಬ ಭಾಗವೊಂದಿರುತ್ತದೆ. ಪರೀಕ್ಷೆಯನ್ನು ಅಲ್ಲಿಯೇ ಇಟ್ಟು, ಹುಟ್ಟಿದ ವಸ್ತುವಿನ ಒಳಗನ್ನು ಹೊರಗಿನವರು ತಿದ್ದದಂತೆ ಮುಚ್ಚಿಟ್ಟರೆ, ದೋಷವುಳ್ಳ ವಿಸ್ತೀರ್ಣವು ಪ್ರೋಗ್ರಾಮಿನಲ್ಲಿ ಎಲ್ಲಿಯೂ ಇರಲಾರದು. ಬಳಸುವ ನೂರು ಕಡೆಗಳಲ್ಲಿ ನೂರು ಸಲ ಪರೀಕ್ಷಿಸುವ ಶ್ರಮ ತಪ್ಪುತ್ತದೆ. ತೊಂಬತ್ತೊಂಬತ್ತು ಕಡೆ ಪರೀಕ್ಷಿಸಿ ಒಂದು ಕಡೆ ಮರೆಯುವ ಅಪಾಯವೂ ತಪ್ಪುತ್ತದೆ.

ಎರಡು ಎಕರೆ ನಲವತ್ತೈದು ಗುಂಟೆಯೆಂದು ಯಾರಾದರೂ ಬರೆದರೆ ಯಂತ್ರವೇ ಅದನ್ನು ಮೂರು ಎಕರೆ ಐದು ಗುಂಟೆಯಾಗಿ ತಿದ್ದಿಕೊಳ್ಳಬಾರದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಬಾರದು. ಬರೆದವನ ಮನಸ್ಸಿನಲ್ಲಿದ್ದುದು 15 ಆಗಿರಬಹುದು, 25 ಆಗಿರಬಹುದು. ಊಹಿಸಿ ತಿದ್ದಿದ ತಪ್ಪು ಕಣ್ಣಿಗೆ ಕಾಣಿಸುವುದಿಲ್ಲ. ನಿರಾಕರಿಸಿದ ತಪ್ಪು ಕೂಡಲೆ ಎದುರಿಗೆ ಬರುತ್ತದೆ.

ತಾಲ್ಲೂಕಿನ ಹೆಸರಿಗೂ ಇದೇ ನ್ಯಾಯ ಸಲ್ಲುತ್ತದೆ. ಅದನ್ನು ಬರಿಯ ಅಕ್ಷರಗಳ ಸಾಲಾಗಿ ಇಟ್ಟರೆ ‘ಕೆ.ಆರ್. ಪೇಟೆ’, ‘ಕೆ ಆರ್ ಪೇಟೆ’, ‘ಕೃಷ್ಣರಾಜಪೇಟೆ’ ಎಂಬ ಮೂರನ್ನೂ ಯಂತ್ರವು ಮೂರು ಬೇರೆ ಊರುಗಳೆಂದೇ ಎಣಿಸುವುದು. ಹಳೆಯ ಕಾಗದಗಳಲ್ಲಿ ಫ್ರೆಂಚ್ ರಾಕ್ಸ್ ಎಂದಿರುವುದು ಇಂದಿನ ಪಾಂಡವಪುರವೇ ಎಂಬುದನ್ನೂ ಅದು ಅರಿಯದು. ಈ ಉಪವಿಭಾಗದ ಮಟ್ಟಿಗೆ ನಾಲ್ಕೇ ಬೆಲೆಗಳುಳ್ಳ ‘ತಾಲ್ಲೂಕು’ ಎಂಬ ಬಗೆಯನ್ನು ರಚಿಸಿದರೆ ಐದನೆಯದು ಹುಟ್ಟಲು ಅವಕಾಶವೇ ಇಲ್ಲ. ಹಳೆಯ ಹೆಸರುಗಳನ್ನು ಬಾಗಿಲಲ್ಲಿಯೇ ಹೊಸ ಹೆಸರಿಗೆ ಹೊಂದಿಸಿ ಒಳಗೆ ಬಿಡಬೇಕು.

ಮೂರಕ್ಕೂ ಒಂಬತ್ತಕ್ಕೂ ತಾಳೆ

ಒಂದೊಂದು ಬೆಲೆಯೂ ಸರಿಯಿದ್ದು, ಒಟ್ಟಿನಲ್ಲಿ ಲೆಕ್ಕ ತಪ್ಪುವುದುಂಟು. ಪಹಣಿಯ ಮೂರನೆಯ ಕಾಲಮಿನಲ್ಲಿ ಜಮೀನಿನ ವಿಸ್ತೀರ್ಣವೂ ಒಂಬತ್ತನೆಯದರಲ್ಲಿ ಸ್ವಾಧೀನದಾರರ ಹೆಸರುಗಳೂ ಅವರವರ ಪಾಲುಗಳೂ ಇರುತ್ತವೆ. ಇವೆರಡೂ ತಾಳೆಯಾಗದ ಪಹಣಿಗಳು ನಮ್ಮ ರಾಜ್ಯದ ರೈತರನ್ನು ಕಚೇರಿಯಿಂದ ಕಚೇರಿಗೆ ಅಲೆಸಿವೆ. ವಸ್ತುವಿನ ಬಾಳಿನುದ್ದಕ್ಕೂ ನಿಜವಾಗಿರಲೇಬೇಕಾದ ಇಂಥ ನಿಯಮಕ್ಕೆ ‘ಇನ್‌ವೇರಿಯಂಟ್’ ಎಂದು ಹೆಸರು; ಬರ್ಟ್ರಾಂಡ್ ಮೇಯರ್ ಎಂಬ ವಿದ್ವಾಂಸರು 1980ರ ದಶಕದಲ್ಲಿ ರಚಿಸಿದ ‘ಐಫೆಲ್’ ಭಾಷೆಯಲ್ಲಿ ಇದನ್ನು ವರ್ಗದೊಳಗೇ ಬರೆದಿಡಬಹುದು.

ನಾಲ್ಕು ಎಕರೆ ಹತ್ತು ಗುಂಟೆಯನ್ನು ಮೂವರು ಸಹೋದರರು ಹಂಚಿಕೊಂಡರೆಂದು ಭಾವಿಸಿರಿ: ಇಬ್ಬರಿಗೆ ತಲಾ ಒಂದು ಎಕರೆ ಇಪ್ಪತ್ತು ಗುಂಟೆ, ಮೂರನೆಯವನಿಗೆ ಒಂದು ಎಕರೆ ಹತ್ತು ಗುಂಟೆ. ಒಬ್ಬನ ಪಾಲನ್ನು ಬರೆದು ಉಳಿದವರದನ್ನು ಬರೆಯದಿರುವ ಹೊತ್ತಿನಲ್ಲಿ ಮೊತ್ತ ತಪ್ಪಿರುತ್ತದೆ. ಆದುದರಿಂದ ‘ಪಾಲು ಮಾಡು’ ಎಂಬುದು ಒಂದೇ ಕ್ರಿಯೆಯಾಗಿರಬೇಕು: ಮೂರು ಪಾಲುಗಳೂ ಒಟ್ಟಿಗೆ ಸೇರಬೇಕು, ಇಲ್ಲವೇ ಯಾವುದೂ ಸೇರಬಾರದು.

ಇಷ್ಟೆಲ್ಲ ಕಾವಲಿದ್ದರೂ ಯಂತ್ರಕ್ಕೆ ದಾಟಲಾಗದ ಗಡಿಯೊಂದಿದೆ. ಅಣ್ಣನಿಗೆ ಸಲ್ಲಬೇಕಾದ ಪಾಲನ್ನು ತಮ್ಮನ ಹೆಸರಿಗೆ ಬರೆದರೆ ಬಗೆಯೂ ಸರಿ, ಬೆಲೆಯೂ ಸರಿ, ಮೊತ್ತವೂ ಸರಿ. ಸುಳ್ಳು ಮಾತ್ರ ಸುಳ್ಳಾಗಿಯೇ ಉಳಿಯುತ್ತದೆ. ಅದನ್ನು ಹಿಡಿಯಲೆಂದೇ ಹಕ್ಕು ಬದಲಾವಣೆಗೆ ತಕರಾರು ಸಲ್ಲಿಸುವ ಅವಕಾಶವನ್ನೂ, ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನೂ 1964ರ ಭೂಕಂದಾಯ ಕಾಯಿದೆ ಇರಿಸಿದೆ. ಅಸಂಭವವಾದುದನ್ನು ಯಂತ್ರವು ತಳ್ಳಿಹಾಕಲಿ; ಸಂಭವನೀಯವಾದುದರಲ್ಲಿ ನಿಜ ಯಾವುದೆಂಬುದನ್ನು ಮನುಷ್ಯರು ವಿಚಾರಿಸಲಿ. ಯಂತ್ರವು ತನ್ನ ಪಾಲಿನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ವಿಚಾರಣೆಗೆ ಕುಳಿತವರಿಗೆ ನಿಜವಾದ ವ್ಯಾಜ್ಯಗಳಿಗಾಗಿ ಹೆಚ್ಚು ಕಾಲ ಉಳಿಯುತ್ತದೆ.