ಕುಳಿತುಕೊಳ್ಳುವ ಹಕ್ಕು

ಕುಳಿತುಕೊಳ್ಳುವ ಹಕ್ಕು ಎಂದರೆ ಜವಳಿ ಮಳಿಗೆ, ಚಿನ್ನಾಭರಣದ ಅಂಗಡಿ ಮೊದಲಾದೆಡೆ ದಿನವಿಡೀ ನಿಂತು ದುಡಿಯುವ ನೌಕರರು ಕೆಲಸದ ನಡುವೆ ಅವಕಾಶ ದೊರೆತಾಗ ಕುಳಿತು ವಿಶ್ರಮಿಸುವ ಹಕ್ಕು. ಭಾರತದಲ್ಲಿ ಕೇರಳವು 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ಅಂಗಡಿ ನೌಕರರಿಗೆ ಈ ಹಕ್ಕನ್ನು ಕಾನೂನಿನ ಮೂಲಕ ನೀಡಿದವು.

ಹಿನ್ನೆಲೆ

ಗ್ರಾಹಕರ ಎದುರು ನೌಕರರು ಕುಳಿತಿರುವುದು ಅಗೌರವ ಅಥವಾ ಸೋಮಾರಿತನದ ಲಕ್ಷಣ ಎಂಬ ಭಾವನೆ ವ್ಯಾಪಾರ ವಲಯದಲ್ಲಿ ಹಳೆಯದು. ಆದ್ದರಿಂದ ಗಿರಾಕಿಗಳಿಲ್ಲದ ಹೊತ್ತಿನಲ್ಲಿಯೂ ನಿಂತೇ ಇರಬೇಕೆಂಬ ಕಟ್ಟಳೆ ಅನೇಕ ಮಳಿಗೆಗಳಲ್ಲಿ ರೂಢಿಯಲ್ಲಿತ್ತು. ದೀರ್ಘಕಾಲ ಅಲುಗದೆ ನಿಂತಿದ್ದರೆ ಕಾಲುಗಳಿಂದ ಹೃದಯಕ್ಕೆ ರಕ್ತವು ಮರಳುವುದು ನಿಧಾನವಾಗುತ್ತದೆ. ಇದರಿಂದ ಪಾದಗಳ ಊತ, ಕಾಲು ಮತ್ತು ಸೊಂಟದ ನೋವು ಉಂಟಾಗುತ್ತವೆ. ಕಾಲಿನ ರಕ್ತನಾಳಗಳು ಉಬ್ಬಿಕೊಳ್ಳುವ ಸಂಭವವೂ ಹೆಚ್ಚುತ್ತದೆ.

ಆರಂಭಿಕ ಕಾನೂನುಗಳು

ಬ್ರಿಟನ್ನಿನಲ್ಲಿ 1899ರ ಕಾಯ್ದೆಯೊಂದು ಅಂಗಡಿಗಳಲ್ಲಿ ಪ್ರತಿ ಮೂವರು ಮಹಿಳಾ ನೌಕರರಿಗೆ ಕನಿಷ್ಠ ಒಂದು ಆಸನ ಇರಬೇಕೆಂದು ವಿಧಿಸಿತು. ಭಾರತದ 1948ರ ಕಾರ್ಖಾನೆಗಳ ಕಾಯ್ದೆಯ 44ನೆಯ ಪ್ರಕರಣವು ನಿಂತು ಕೆಲಸ ಮಾಡಬೇಕಾದ ಕಾರ್ಮಿಕರಿಗೆ ಆಸನಗಳನ್ನು ಒದಗಿಸಬೇಕೆಂದು ಹೇಳಿತು. ಆದರೆ ಆ ಕಾಯ್ದೆಯು ಕಾರ್ಖಾನೆಗಳಿಗೆ ಸೀಮಿತವಾಗಿದ್ದುದರಿಂದ ಅಂಗಡಿ ನೌಕರರಿಗೆ ಅದರ ಪ್ರಯೋಜನ ದೊರೆಯಲಿಲ್ಲ.

ಕೇರಳ ಮತ್ತು ತಮಿಳುನಾಡು

ಕೇರಳದ ಕಲ್ಲಿಕೋಟೆಯಲ್ಲಿ ಹೊಲಿಗೆ ವೃತ್ತಿಯಲ್ಲಿದ್ದ ವಿಜಿ ಅವರು 'ಪೆಣ್‌ಕೂಟ್ಟು' ಎಂಬ ಮಹಿಳಾ ಸಂಘಟನೆಯ ಮೂಲಕ ಅಂಗಡಿ ನೌಕರರನ್ನು ಒಗ್ಗೂಡಿಸಿದರು. ಮಲಯಾಳದ ಈ ಹೆಸರಿಗೆ ಹೆಣ್ಣುಮಕ್ಕಳ ಗೆಳೆತನ ಎಂಬ ಅರ್ಥವಿದೆ. ಕೆಲಸದ ಸ್ಥಳದಲ್ಲಿ ಶೌಚಾಲಯ ಬೇಕೆಂಬುದು ಸಂಘಟನೆಯ ಆರಂಭದ ಬೇಡಿಕೆಯಾಗಿತ್ತು. ಅನಂತರ ಆಸನದ ಬೇಡಿಕೆ ಮುಂದೆ ಬಂದಿತು. ಇದರ ಫಲವಾಗಿ 2018ರಲ್ಲಿ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿಯಾಯಿತು. ಅದೇ ವರ್ಷ ಬಿಬಿಸಿ ಸಂಸ್ಥೆಯು ಪ್ರಕಟಿಸಿದ ನೂರು ಮಹಿಳೆಯರ ಪಟ್ಟಿಯಲ್ಲಿ ವಿಜಿ ಅವರ ಹೆಸರೂ ಸೇರಿತು. 2021ರಲ್ಲಿ ತಮಿಳುನಾಡು ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು, ಎಲ್ಲ ನೌಕರರಿಗೂ ಸೂಕ್ತ ಆಸನದ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು.

ಮಹತ್ವ ಮತ್ತು ಮಿತಿಗಳು

ದಯಾಳುವಾದ ಮಾಲೀಕನು ತಾನಾಗಿಯೇ ಒಂದು ಸ್ಟೂಲನ್ನು ಹಾಕಿಸಬಹುದು. ಆದರೆ ಅಂಗಡಿ ಬೇರೊಬ್ಬರ ಕೈಗೆ ಹೋದಾಗ ಆ ಸೌಲಭ್ಯ ಉಳಿಯುವುದೆಂಬ ಭರವಸೆಯಿಲ್ಲ. ಅನುಕಂಪವು ಕಾನೂನಿನ ರೂಪ ಪಡೆದಾಗ ನೌಕರರು ಅದನ್ನು ಕೇಳಿ ಪಡೆಯಬಹುದು. ಈ ತಿದ್ದುಪಡಿಗಳು ದುಡಿಮೆಯ ಅವಧಿಯನ್ನು ಕಡಿಮೆ ಮಾಡುವುದಿಲ್ಲ. ಕೆಲಸದ ನಡುವೆ ದೊರೆಯುವ ಬಿಡುವನ್ನು ಕುಳಿತು ಕಳೆಯಲು ಅವಕಾಶ ನೀಡುತ್ತವೆ. ಆಸನವಿದ್ದರೂ ಕುಳಿತವರನ್ನು ಗದರಿಸುವ ವಾತಾವರಣವಿದ್ದರೆ ಕಾನೂನಿನ ಉದ್ದೇಶ ಈಡೇರದು. ಆದ್ದರಿಂದ ತಪಾಸಣೆಯ ಜೊತೆಗೆ ಮಾಲೀಕರ ಹಾಗೂ ಗ್ರಾಹಕರ ಮನೋಭಾವವೂ ಬದಲಾಗುವುದು ಅಗತ್ಯ.